ಪಂಚಣ್ಣನ ಬೀರುವೂ ಒಂದು ಖಾಲಿ ಕುರ್ಚಿಯೂ

"ಸರಿಯಾಗಿ ನೋಡಯ್ಯ ಮುರುಗೇಂದ್ರ! ಈ ಬೀರು ಒಳಗೆ ನಾಲ್ಕು ಕಂಪ್ಯೂಟರ್ ಇದಾವೆ. ಆದ್ರೆ ನಾಲ್ಕರಲ್ಲಿ ಒಂದೂ ಇಲ್ಲ!"

ಹೀಗೆಂದು ಪಕ್ಕದ ಮನೆಯ ಪಂಚಣ್ಣ ಕಬ್ಬಿಣದ ಬೀರುವಿನ ಬಾಗಿಲನ್ನು ಧಡಾರನೆ ತೆರೆದರು. ನಾನು ಸರಿಯಾಗಿಯೇ ನೋಡಿದೆ. ಒಳಗೆ ಒಂದು ಕಂಪ್ಯೂಟರು ಇತ್ತು. ಅದರ ಕೆಳಗೆ ಇಡ್ಲಿ ಸ್ಟ್ಯಾಂಡಿನ ತಟ್ಟೆಗಳಂತೆ ಒಂದರ ಮೇಲೊಂದು ಡಿಸ್ಕುಗಳು, ಹಿಂದೆ ಗಾಳಿಗೊಂದು ಟೇಬಲ್ ಫ್ಯಾನು. ಬೀರುವಿನ ನೆತ್ತಿಯ ಮೇಲೆ ಕೆಂಪು, ಹಳದಿ, ಹಸಿರು ದೀಪಗಳಿದ್ದ ಮೊಳದುದ್ದದ ಸಿಗ್ನಲ್ ಕಂಬ. ಪಂಚಣ್ಣ ರೈಲ್ವೆಯಲ್ಲಿ ಸಿಗ್ನಲ್ ಇನ್ಸ್‌ಪೆಕ್ಟರ್ ಆಗಿದ್ದು, ನಮ್ಮ ಅರಸೀಕೆರೆಯಲ್ಲೇ ನಿವೃತ್ತರಾದವರು. ಅವರು ಏನೇ ಕಂಡುಹಿಡಿದರೂ ಅದಕ್ಕೊಂದು ಸಿಗ್ನಲ್ ಇರಲೇಬೇಕು. ಹಿಂದೊಮ್ಮೆ ಅವರು ತಯಾರಿಸಿದ್ದ ಕುಕ್ಕರು ಹಸಿರು ದೀಪ ಹತ್ತುವವರೆಗೆ ಮುಚ್ಚಳ ಬಿಡುತ್ತಿರಲಿಲ್ಲ. ಹಸಿರು ಬಲ್ಬು ಸುಟ್ಟುಹೋದ ದಿನ ಬೇಯಿಸಿದ ಅನ್ನ ಇವತ್ತಿಗೂ ಅದರೊಳಗೇ ಇದೆ.

"ಇಲ್ಲ ಅಂದ್ಮೇಲೆ ಇದಾವೆ ಅಂತ ಯಾಕಂತೀರಿ ಪಂಚಣ್ಣ?" ಎಂದೆ.

"ಅದೇ ಕಣಯ್ಯ ವರ್ಚುವಲ್ ಅಂದ್ರೆ! ನಮ್ ಬೀದಿ ಕೊನೇಲಿರೋ ವಠಾರ ನೋಡು. ಕಟ್ಟಡ ಒಂದೇ. ಒಳಗಿರೋದು ನಾಲ್ಕು ಸಂಸಾರ. ಒಬ್ಬೊಬ್ರೂ 'ನಮ್ಮನೆ, ನಮ್ಮನೆ' ಅಂತಾರೆ. ಇದೂ ಹಂಗೇ. ಇರೋ ಯಂತ್ರ ಒಂದೇ. ಅದ್ರೊಳಗೆ ನಾಲ್ಕು ಸರ್ವರ್ ಬಾಡಿಗೆಗಿದಾವೆ ಅಂತಿಟ್ಕೋ. ಒಂದೊಂದೂ ತಾನೇ ಬೇರೆ ಯಂತ್ರ ಅಂದ್ಕೊಂಡಿದೆ, ಪಾಪ!"

ಆ ನಾಲ್ಕಕ್ಕೆ ಪಂಚಣ್ಣ ಬಾಣಾವರ, ಕಡೂರು, ಹಾಸನ, ತಿಪಟೂರು ಎಂದು ಸುತ್ತಲಿನ ಸ್ಟೇಷನ್ನುಗಳ ಹೆಸರನ್ನೇ ಇಟ್ಟಿದ್ದರು.

"ಒಂದೊಂದಕ್ಕೆ ಎಷ್ಟೆಷ್ಟು ಜಾಗ ಕೊಟ್ಟಿದೀರಿ?"

ಪಂಚಣ್ಣ ಅತ್ತಿತ್ತ ನೋಡಿದರು. ಬೀರುವಿಗೆ ಕೇಳಿಸದಂತೆ ನನ್ನ ಕಿವಿಯ ಹತ್ತಿರ ಬಗ್ಗಿದರು. "ಒಬ್ಬೊಬ್ಬರಿಗೂ ಇಡೀ ಬೀರು ನಿಂದೇ ಅಂತ ಹೇಳಿದೀನಿ."

"ಸುಳ್ಳು ಹೇಳಿದೀರಾ!"

"ಸುಳ್ಳಲ್ಲ ಕಣಯ್ಯ, ವರ್ಚುವಲ್!"

ಇಷ್ಟೆಲ್ಲ ಖಟಪಟಿ ನನ್ನ ಸಲುವಾಗಿಯೇ ನಡೆದಿತ್ತು ಎಂಬುದನ್ನು ಒಪ್ಪಿಕೊಳ್ಳಬೇಕು. ನಮ್ಮ ಮನೆಯ ಮುಂದಿನ ಕೋಣೆಯೇ ಚಂದ್ರಿಕಾ ಸ್ಟುಡಿಯೋ. ಈ ಊರಿನ ಮುಕ್ಕಾಲು ಪಾಲು ಜನ ನನ್ನ ಕ್ಯಾಮೆರಾದ ಮುಂದೆ ಗಲ್ಲ ಎತ್ತಿದವರೇ. ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜು, ಕೊನೆಗೆ ವಿಮೆಗೆ ಬೇಕೆಂದು ಎಮ್ಮೆ ಹಸುಗಳ ಫೋಟೋ ಕೂಡ ನಾನೇ ತೆಗೆದಿದ್ದೇನೆ. ಎಮ್ಮೆಗಳು ಮದುಮಕ್ಕಳಿಗಿಂತ ಸಲೀಸು, ಕಣ್ಣು ಮಿಟುಕಿಸುವುದಿಲ್ಲ. ಆ ನೆಗೆಟಿವ್‌ಗಳಿಗೆಲ್ಲ ಬೂಷ್ಟು ಹಿಡಿದು, ಒಂದಕ್ಕೊಂದು ಅಂಟಿಕೊಳ್ಳಲು ಶುರುವಾದಾಗ ನನಗೆ ದಿಗಿಲಾಯಿತು. ಕೈಗೆ ಸಿಕ್ಕಷ್ಟನ್ನು ಬಿಡಿಸಿ ಬಿಡಿಸಿ ಸ್ಕ್ಯಾನ್ ಮಾಡಿದೆ. ಬಿಡಿಸುವಾಗ ನೆಗೆಟಿವ್ ಹರಿದುಹೋಗುತ್ತಿತ್ತು. ಹಾಗಾಗಿ ಕಂಪ್ಯೂಟರಿಗೆ ಬಂದದ್ದಷ್ಟೇ ಉಳಿಯಿತು. ಅದನ್ನೆಲ್ಲ ಭದ್ರವಾಗಿ ಎಲ್ಲಿಡುವುದು ಎಂದು ನಾನು ತಲೆ ಕೆರೆದುಕೊಳ್ಳುತ್ತಿದ್ದಾಗ, ಕಾಂಪೌಂಡ್ ಗೋಡೆಯ ಆಚೆಯಿಂದ ಪಂಚಣ್ಣನ ತಲೆ ಕಾಣಿಸಿತ್ತು.

ನನ್ನ ಹೆಂಡತಿ ದಾಕ್ಷಾಯಿಣಿಗೆ ಮಾತ್ರ ಊರಿನ ಮುಖಗಳ ಚಿಂತೆಯಿರಲಿಲ್ಲ. ಅವಳ ಚಿಂತೆಯೆಲ್ಲ ಒಂದೇ ಒಂದು ಫೋಟೋದ್ದು.

ಅದರ ಕತೆ ಹೀಗೆ. ನಮ್ಮ ಮದುವೆಗೆ ಫೋಟೋ ತೆಗೆದವರು ನನಗೆ ವಿದ್ಯೆ ಕಲಿಸಿದ ಗುರುಗಳು. ಧಾರೆಯಿಂದ ಹಿಡಿದು ಊಟದ ಪಂಕ್ತಿಯವರೆಗೆ ಫಳಫಳ ಫ್ಲ್ಯಾಶ್ ಹಾರಿಸಿದರು. ಕ್ಯಾಮೆರಾಕ್ಕೆ ರೀಲು ಹಾಕಿರಲಿಲ್ಲ! ವಾರ ಕಳೆದ ಮೇಲೆ ನಾನು ದಾಕ್ಷಾಯಿಣಿಗೆ ಧಾರೆ ಸೀರೆ ಉಡಿಸಿ, ಸ್ಟುಡಿಯೋದಲ್ಲಿ ನಿಲ್ಲಿಸಿ, ಪಕ್ಕದಲ್ಲಿ ನನಗೊಂದು ಕುರ್ಚಿ ಹಾಕಿ, ಬೆಳಕು ನೋಡಲೆಂದು ಒಂದು ಕ್ಲಿಕ್ ಮಾಡಿದೆ. ಇನ್ನೇನು ಓಡಿ ಬಂದು ಕೂರಬೇಕು, ಕರೆಂಟು ಹೋಯಿತು. ನಾಳೆ ತೆಗೆದರಾಯಿತು ಎಂದೆ. ಮರುದಿನ ಗಿರಾಕಿಗಳು ಬಂದರು. ಆ ನಾಳೆ ಇನ್ನೂ ಬಂದಿಲ್ಲ. ಹಾಗಾಗಿ ನಮ್ಮ ಮದುವೆಗೆ ಸಾಕ್ಷಿಯಾಗಿ ಉಳಿದದ್ದು, ಖಾಲಿ ಕುರ್ಚಿಯ ಪಕ್ಕ ಕಾಸಿನ ಸರ ಹಾಕಿಕೊಂಡು ನಗುತ್ತಾ ನಿಂತಿರುವ ಹೆಣ್ಣು. ಗೋಡೆಯ ಮೇಲಿದ್ದ ಪ್ರಿಂಟನ್ನು ಗೆದ್ದಲು ತಿಂದಿತ್ತು. ಈಗ ಇದ್ದದ್ದು ಸ್ಕ್ಯಾನ್ ಮಾಡಿದ್ದೊಂದೇ.

"ಊರವರ ಫೋಟೋ ಏನಾದ್ರೂ ಆಗ್ಲಿ, ನಂದೊಂದು ಹಾಳಾಯ್ತೋ, ನಿಮ್ಮಿಬ್ರನ್ನೂ ಆ ಬೀರುನಲ್ಲೇ ಹಾಕಿ ಬೀಗ ಜಡೀತೀನಿ!" ಎಂದು ದಾಕ್ಷಾಯಿಣಿ ಮೊದಲೇ ಎಚ್ಚರಿಸಿದ್ದಳು.

"ನನ್ನ ಬೀರುನಲ್ಲಿ ಹಾಳಾಗೋದು ಅನ್ನೋ ಮಾತೇ ಇಲ್ಲ ದಾಕ್ಷಾಯಿಣಮ್ಮ!" ಎಂದು ಪಂಚಣ್ಣ ಎದೆ ತಟ್ಟಿಕೊಂಡಿದ್ದರು.

ಗೋಡೆಯ ಮೇಲಿಂದ ವೈರು ಎಳೆದದ್ದಾಯಿತು. ಮದುವೆಗಳೆಲ್ಲ ಬಾಣಾವರಕ್ಕೆ, ಒಬ್ಬೊಬ್ಬರೇ ಕೂತ ಫೋಟೋಗಳೆಲ್ಲ ಕಡೂರಿಗೆ, ಮಕ್ಕಳು ಮರಿ ಎಮ್ಮೆ ಹಸುಗಳೆಲ್ಲ ಹಾಸನಕ್ಕೆ, ನಮ್ಮ ಮನೆಯವು ತಿಪಟೂರಿಗೆ ಹೊರಟವು. ಪಂಚಣ್ಣ ಪರದೆಯನ್ನೇ ನೋಡುತ್ತಾ ಹುಬ್ಬು ಗಂಟಿಕ್ಕಿದರು.

"ಏನಯ್ಯ ಇದು, ಸ್ಟುಡಿಯೋದಲ್ಲಿ ತೆಗೆದ ಎಲ್ಲಾ ಫೋಟೋದ ಮೂಲೇಲೂ ಯಾವನೋ ಒಬ್ಬ ನಿಂತಿದಾನೆ? ಒಂದು ಕಣ್ಣು ಮುಚ್ಕೊಂಡು, ಬೆರಳು ಎತ್ಕೊಂಡು!"

"ಅದು ನಾನೇ ಪಂಚಣ್ಣ. ಗಿರಾಕಿಗಳು ತಲೆ ಬಾಚ್ಕೊಳೋಕೆ ಹಿಂದಿನ ಗೋಡೇಲಿ ಕನ್ನಡಿ ಇಟ್ಟಿದೀನಲ್ಲ, ಅದ್ರಲ್ಲಿ ಕಾಣೋದು. ಪ್ರಿಂಟ್ ಹಾಕುವಾಗ ಕತ್ತರಿಸಿ ತೆಗೀತೀನಿ."

ಕ್ಲಿಕ್ ಮಾಡುವಾಗ 'ಇಲ್ಲಿ ನೋಡಿ' ಎಂದು ಬೆರಳು ಎತ್ತುವುದು, ಒಂದು ಕಣ್ಣು ತಾನಾಗಿಯೇ ಮುಚ್ಚಿಕೊಳ್ಳುವುದು ನನ್ನ ಹುಟ್ಟುಗುಣ. ದಾಕ್ಷಾಯಿಣಿ ನೆಂಟರಿಷ್ಟರ ಮುಂದೆಲ್ಲ ಅದನ್ನು ಅಣಕಿಸಿ ತೋರಿಸುತ್ತಾಳೆ.

*

ಮೊದಲ ಜಗಳ ಬಾಣಾವರಕ್ಕೂ ಕಡೂರಿಗೂ ಆಯಿತು.

ಊರಿನಲ್ಲಿ ಮದುವೆಗಳೇ ಹೆಚ್ಚಲ್ಲವೇ, ಬಾಣಾವರ ಬೇಗ ತುಂಬಿಹೋಯಿತು. ಬೀರುವಿನ ತಲೆಯ ಮೇಲೆ ಕೆಂಪು ದೀಪ ಹತ್ತಿತು. ಒಳಗಿಂದ ರೈಲ್ವೆ ಸ್ಟೇಷನ್ನಿನ ಧಾಟಿಯಲ್ಲಿ ದನಿ ಕೇಳಿಬಂತು.

"ದಯವಿಟ್ಟು ಗಮನಿಸಿ! ಬಾಣಾವರದಲ್ಲಿ ನಿಲ್ಲಲು ಜಾಗವಿಲ್ಲ. ಕಡೂರು ಸ್ವಲ್ಪ ಸರಿಯಬೇಕು!"

"ದಯವಿಟ್ಟು ಗಮನಿಸಿ! ಇಡೀ ಬೀರು ನಮ್ಮದು. ನಾವೇಕೆ ಸರಿಯಬೇಕು?"

"ದಯವಿಟ್ಟು ಗಮನಿಸಿ! ಇಡೀ ಬೀರು ನಮ್ಮದು ಎಂದು ನಮಗೂ ಹೇಳಿದ್ದಾರೆ!"

ನಾಲ್ಕು ಸರ್ವರುಗಳಿಗೂ ಪಂಚಣ್ಣ ತಮ್ಮ ದನಿಯನ್ನೇ ಕೊಟ್ಟಿದ್ದರು. ಹಾಗಾಗಿ ಅವರು ತಮ್ಮನ್ನು ತಾವೇ ಬೈದುಕೊಳ್ಳುತ್ತಾ ಕೂತಂತೆ ಬೀದಿಗೆಲ್ಲ ಕೇಳುತ್ತಿತ್ತು. ಪಂಚಣ್ಣನ ಮನೆಯವರು ಮಗಳ ಬಾಣಂತನಕ್ಕೆಂದು ಹೋಗಿದ್ದರು. ಹೆಂಡತಿ ಇಲ್ಲದೆ ಇವರಿಗೆ ತಲೆ ಕೆಟ್ಟಿದೆ ಎಂದು ಎದುರುಮನೆಯವರು ಮರುಕಪಟ್ಟರು.

ಪಂಚಣ್ಣ ಬೀರುವಿಗೆ ಜೋಡಿಸಿದ್ದ ಮೈಕು ಹಿಡಿದು ಗದರಿಸಿದರು. ಜಾಗ ಸಾಲದವರು ಪಕ್ಕದವರ ಹತ್ತಿರ ಕೈಬದಲು ತೆಗೆದುಕೊಳ್ಳಬೇಕು, ಕೆಲಸ ಮುಗಿದ ಮೇಲೆ ವಾಪಸ್ ಮಾಡಬೇಕು ಎಂದು ಕಾನೂನು ಮಾಡಿದರು. ಮುನಿಸಿಕೊಂಡೇ ಅವು ಒಪ್ಪಿದವು. ಆದರೂ ಕೊಡುವಾಗ ಗೊಣಗಾಟ, ಪಡೆಯುವಾಗ ಕುಟುಕುಮಾತು ತಪ್ಪಲಿಲ್ಲ.

ಅಷ್ಟರಲ್ಲಿ ದಾಕ್ಷಾಯಿಣಿಯ ಡಬ್ಬಿಯ ಪ್ರಸಂಗ ನಡೆಯಿತು. ಒಬ್ಬರೇ ಇದ್ದಾರಲ್ಲ ಎಂದು ಅವಳು ಪಂಚಣ್ಣನಿಗೆ ಉದ್ದನೆಯ ಸ್ಟೀಲ್ ಡಬ್ಬಿಯಲ್ಲಿ ಹಿತಕಿದಬೇಳೆ ಸಾರು ಕಳಿಸಿದ್ದಳು. ಪಂಚಣ್ಣ ಮರುದಿನ ಡಬ್ಬಿಯನ್ನು ಬೆಳಗಿ, ಒರೆಸಿ, ತಂದು ಕೈಗೆ ಕೊಟ್ಟರು. ದಾಕ್ಷಾಯಿಣಿ ಮುಚ್ಚಳ ತೆಗೆದು ನೋಡಿದಳು.

"ಏನ್ ಪಂಚಣ್ಣ ನೀವು! ಖಾಲಿ ಡಬ್ಬಿ ಯಾರಾದ್ರೂ ವಾಪಸ್ ಕೊಡ್ತಾರಾ? ಒಂದ್ ಚಮಚ ಸಕ್ಕರೆನಾದ್ರೂ ಹಾಕಿ ಕೊಡೋದಲ್ವಾ? ಅಕ್ಕ ಇದ್ದಿದ್ರೆ ಹಿಂಗ್ ಮಾಡ್ತಿದ್ರಾ?"

ಪಂಚಣ್ಣ ನಿಂತಲ್ಲೇ ಕಂಬವಾದರು. ಆಮೇಲೆ ಮುಖವೆಲ್ಲ ಬೆಳಗಿತು.

"ಇದೇ ಕಣಮ್ಮ! ನನ್ ಬೀರುಗೆ ಇಲ್ಲದೇ ಇದ್ದದ್ದು ಇದೇ! ಜಾಗ ಕೊಡೋದು ಕಲಿಸಿದೆ, ಮರ್ಯಾದೆ ಕಲಿಸ್ಲಿಲ್ಲ!"

ಹೀಗೆ ಕೂಗಿ ಡಬ್ಬಿಯನ್ನು ಅವಳ ಕೈಯಿಂದ ಕಸಿದುಕೊಂಡು ಓಡಿದರು. ಡಬ್ಬಿ ಯಾಕೆ ತೆಗೆದುಕೊಂಡು ಹೋದರು ಎಂದು ಅವಳಿಗೂ ತಿಳಿಯಲಿಲ್ಲ, ಅವರಿಗೂ ತಿಳಿದಿರಲಾರದು. ಅದೇ ಸಂಜೆ ನಾಲ್ಕೂ ಸ್ಟೇಷನ್ನುಗಳಿಗೆ ಹೊಸ ನಿಯಮ ಹೋಯಿತು: ಪಡೆದ ಜಾಗವನ್ನು ಖಾಲಿ ಹಿಂತಿರುಗಿಸಬಾರದು. ತನ್ನದೇನಾದರೂ ಒಂದು ಚಮಚ ಹಾಕಿಯೇ ಕೊಡಬೇಕು.

*

ಆಮೇಲೆ ಕೆಲವು ದಿನ ಎಷ್ಟು ಚೆನ್ನಾಗಿತ್ತು ಎಂದರೆ! ಹಸಿರು ದೀಪ ಆರುತ್ತಲೇ ಇರಲಿಲ್ಲ. "ಕಡೂರಿನವರಿಗೆ ಬಾಣಾವರದ ವಂದನೆಗಳು", "ಅಯ್ಯೋ, ಇಷ್ಟೆಲ್ಲ ಯಾಕೆ ತರೋಕೆ ಹೋದ್ರಿ!" ಎಂದು ಬೀರು ತನ್ನಷ್ಟಕ್ಕೆ ತಾನು ಮಾತಾಡಿಕೊಳ್ಳುತ್ತಿತ್ತು. ಪಂಚಣ್ಣ ಅದರ ಮುಂದೆ ಕುರ್ಚಿ ಹಾಕಿಕೊಂಡು ಕಾಫಿ ಕುಡಿಯುತ್ತಿದ್ದರು.

ಮೊದಲು ಬಂದವರು ಶಾಂತವೀರ ಮೇಷ್ಟ್ರು. ಪಿಂಚಣಿ ಕಾಗದಕ್ಕೆ ಅಂಟಿಸಲು ಹಿಂದೆ ತೆಗೆಸಿದ್ದ ಪಾಸ್‌ಪೋರ್ಟ್ ಸೈಜಿನದೇ ಪ್ರತಿಗಳು ಬೇಕು ಎಂದಿದ್ದರು. ನಾನು ಬೀರುವಿನಿಂದ ತರಿಸಿ, ಪ್ರಿಂಟ್ ಹಾಕಿ, ಕವರಿನಲ್ಲಿ ಹಾಕಿಕೊಟ್ಟಿದ್ದೆ. ಅವರು ಕವರು ಹಿಡಿದುಕೊಂಡು ವಾಪಸ್ ಬಂದರು. ಮೇಷ್ಟ್ರು ಎಂದೂ ದನಿ ಎತ್ತಿದವರಲ್ಲ.

"ಮುರುಗೇಂದ್ರಪ್ಪ, ಒಂದು ಅನುಮಾನ. ನನ್ನ ಹೆಗಲ ಮೇಲಿರೋ ಕಾಲು ಯಾರದು?"

ನೋಡಿದೆ. ಮೇಷ್ಟ್ರ ಎಡಹೆಗಲಿನ ಪಕ್ಕದ ಬಿಳಿಗೋಡೆಯಿಂದ, ಬೆಳ್ಳಿ ಗೆಜ್ಜೆ ಹಾಕಿದ ಒಂದು ಪುಟ್ಟ ಕಾಲು ಹೊರಬಂದಿತ್ತು. ಬಲಗಡೆ ಅರ್ಧ ತೊಟ್ಟಿಲು! ಹಾಸನದಲ್ಲಿದ್ದ ಯಾವುದೋ ನಾಮಕರಣದ್ದು. ಕಡೂರಿನಿಂದ ಪಡೆದ ಜಾಗ ಹಿಂತಿರುಗಿಸುವಾಗ, ಖಾಲಿ ಎಲ್ಲಿ ಕಂಡಿತೋ ಅಲ್ಲಿ ಹಾಸನ ಒಂದು ಚಮಚ ಹಾಕಿತ್ತು. ಪಾಸ್‌ಪೋರ್ಟ್ ಫೋಟೋದ ಬಿಳಿಗೋಡೆಗಿಂತ ಖಾಲಿ ಇನ್ಯಾವುದಿದೆ?

"ನೋಡಿದೆಯಾ ಮರ್ಯಾದೆ!" ಎಂದರು ಪಂಚಣ್ಣ, ಮೇಷ್ಟ್ರು ಹೋದ ಮೇಲೆ. "ನನ್ನ ಲೆಕ್ಕದಲ್ಲಿ ಒಂದು ಚೂರು ಹೆಚ್ಚುಕಮ್ಮಿ ಆಗಿದೆ ಅಷ್ಟೇ. ಸರಿ ಮಾಡ್ತೀನಿ."

ಅವರು ಸರಿ ಮಾಡುವ ಮೊದಲೇ ಕೊಬ್ಬರಿ ಮಂಡಿಯ ಪುಟ್ಟಲಿಂಗಮ್ಮ ಬಂದರು. ಕೈಯಲ್ಲಿ ಕೊಡೆಯಿತ್ತು. ಮಳೆಯೂ ಇರಲಿಲ್ಲ, ಬಿಸಿಲೂ ಇರಲಿಲ್ಲ.

"ಎಲ್ಲಪ್ಪಾ ಆ ಮುರುಗೇಂದ್ರ? ನನ್ ಮಗನ ಸಂಸಾರ ಹಾಳು ಮಾಡ್ದವನು!"

ಅವರ ಮಗ ಕಾಂತರಾಜು ಸೂಟು ಹಾಕಿ ನಿಂತ ಫೋಟೋವನ್ನು ಹಿಂದಿನ ದಿನ ತಾನೇ ಬೀರುವಿನಿಂದ ನೇರವಾಗಿ ಚನ್ನರಾಯಪಟ್ಟಣದ ಹುಡುಗಿಯ ಮನೆಯವರ ಫೋನಿಗೆ ಕಳಿಸಿದ್ದೆ. ಪುಟ್ಟಲಿಂಗಮ್ಮ ತಮ್ಮ ಫೋನನ್ನು ನನ್ನ ಮೂಗಿಗೆ ಹಿಡಿದರು. ಕಾಂತರಾಜು ಸೂಟು ಹಾಕಿ ನಿಂತಿದ್ದ. ಅವನ ಎಡಕ್ಕೆ ಬಾಸಿಂಗ ಕಟ್ಟಿಕೊಂಡ ಒಬ್ಬ ಮದುಮಗಳು. ಬಲಕ್ಕೆ ಅವಳಿ ಮಕ್ಕಳು!

"ಹುಡ್ಗಿ ಕಡೆಯೋರು ಏನ್ ಕೇಳಿದ್ರು ಗೊತ್ತಾ? 'ಹೆಂಡ್ತಿ ಮಕ್ಳು ಲಕ್ಷಣವಾಗಿದಾರೆ, ಮತ್ತೆ ನಮ್ ಹುಡ್ಗಿ ಯಾಕೆ ಬೇಕು' ಅಂದ್ರು! ನನ್ ಮಗ ಯಾವ ಹೆಣ್ಣಿನ ಮುಖಾನೂ ತಲೆ ಎತ್ತಿ ನೋಡಿದೋನಲ್ಲ ಕಣಪ್ಪ!"

"ಅದಕ್ಕೇ ಪಾಪ, ಬೀರುಗೆ ಖಾಲಿ ಖಾಲಿ ಅನ್ನಿಸಿರ್ಬೇಕು," ಎಂದರು ಪಂಚಣ್ಣ.

ಕೊಡೆ ಯಾತಕ್ಕೆ ಎಂಬುದು ಆಗ ತಿಳಿಯಿತು. ಎರಡೇಟು ಬಿದ್ದ ಮೇಲೆ, ಚನ್ನರಾಯಪಟ್ಟಣಕ್ಕೆ ತಾವೇ ಫೋನು ಮಾಡಿ ತಪ್ಪೊಪ್ಪಿಕೊಳ್ಳುವುದಾಗಿ ಪಂಚಣ್ಣ ಮಾತು ಕೊಟ್ಟರು.

ಬಾಗಿಲ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ದಾಕ್ಷಾಯಿಣಿ ಮೆಲ್ಲಗೆ ಮುಂದೆ ಬಂದಳು. ಅವಳ ದನಿ ತಣ್ಣಗಿತ್ತು. ಅದು ಒಳ್ಳೆಯ ಲಕ್ಷಣವಲ್ಲ.

"ಖಾಲಿ ಕಂಡಲ್ಲೆಲ್ಲ ತುಂಬುತ್ತೆ ಅಂದ್ರಿ. ನನ್ ಫೋಟೋದಲ್ಲಿ ಖಾಲಿ ಕುರ್ಚಿ ಇದೆಯಲ್ಲ ಪಂಚಣ್ಣ?"

ನಾವು ಮೂವರೂ ಪಂಚಣ್ಣನ ಮನೆಗೆ ಓಡಿದೆವು.

*

ಕುರ್ಚಿಯ ಮೇಲೆ ಎಮ್ಮೆ ಕೂತಿತ್ತು.

ವಿಮೆಯ ಎಮ್ಮೆ. ಕಿವಿಯಲ್ಲಿ ನಂಬರಿನ ಬಿಲ್ಲೆಯೂ ಇತ್ತು. ಮುಂಗಾಲು ಮಡಚಿ, ಕ್ಯಾಮೆರಾವನ್ನು ನೆಟ್ಟಗೆ ನೋಡುತ್ತಾ, ನಾನು ಇಷ್ಟು ವರ್ಷ ಮದುಮಕ್ಕಳಿಗೆ ಹೇಳಿ ಹೇಳಿ ಸೋತ ಭಂಗಿಯಲ್ಲಿ ಗಂಭೀರವಾಗಿ ಕೂತಿತ್ತು. ಪಕ್ಕದಲ್ಲಿ ನನ್ನ ಹೆಂಡತಿ ಧಾರೆ ಸೀರೆ ಉಟ್ಟು ನಗುತ್ತಿದ್ದಳು.

"ದಯವಿಟ್ಟು ಗಮನಿಸಿ! ತಿಪಟೂರಿಗೆ ಹಾಸನದ ಪ್ರೀತಿಯ ಕಾಣಿಕೆ," ಎಂದಿತು ಬೀರು.

"ಆಫ್ ಮಾಡ್ರಿ ಅದನ್ನ!" ಎಂದು ದಾಕ್ಷಾಯಿಣಿ ಸ್ವಿಚ್ಚಿಗೆ ಕೈ ಹಾಕಿದಳು. ಪಂಚಣ್ಣ ಹಾರಿ ಅವಳಿಗೂ ಸ್ವಿಚ್ಚಿಗೂ ಅಡ್ಡ ನಿಂತರು.

"ಬೇಡ ತಾಯಿ! ಆಫ್ ಮಾಡಿದ್ರೆ ಮತ್ತೆ ಆನ್ ಮಾಡೋ ಪ್ರೋಗ್ರಾಂ ಕಡೂರಿನೊಳಗಿದೆ. ಕಡೂರು ಏಳ್ಬೇಕಾದ್ರೆ ಬೀರು ಆನ್ ಆಗಿರ್ಬೇಕು!"

"ಬೀಗದ ಕೈ ಪೆಟ್ಟಿಗೆ ಒಳಗಿಟ್ಟು ಬೀಗ ಹಾಕಿದೀರಾ?" ಎಂದೆ.

"ಭದ್ರವಾಗಿರ್ಲಿ ಅಂತ ಕಣಯ್ಯ!"

"ಹೋಗ್ಲಿ, ಮೊದಲಿದ್ದದ್ದರ ನಕಲು ಇಟ್ಟಿದೀರಾ?"

"ಇಟ್ಟಿದೀನಿ! ದಿನಾ ಬೆಳಗ್ಗೆ ನಾಲ್ಕೂ ಸ್ಟೇಷನ್ನಿನ ನಕಲು ತಪ್ಪದೆ ತೆಗೀತೀನಿ."

"ಎಲ್ಲಿ?"

ಪಂಚಣ್ಣ ಬೀರುವಿನ ಬಾಗಿಲ ಮೇಲಿನ ಧೂಳು ಒರೆಸಿದರು. "ಬೀರುನಲ್ಲೇ," ಎಂದರು.

ನಕಲನ್ನು ತೆರೆದು ನೋಡಿದೆವು. ಅಲ್ಲಿ ಕುರ್ಚಿಯ ಮೇಲೆ ಎಮ್ಮೆಯ ಜೊತೆಗೆ ಕರುವೂ ಇತ್ತು.

ಉಳಿದದ್ದು ಒಂದೇ ದಾರಿ. ಪಂಚಣ್ಣ ಮೈಕು ಹಿಡಿದು, ಎಮ್ಮೆಯನ್ನು ಹಾಸನಕ್ಕೆ ವಾಪಸ್ ಕಳಿಸಬೇಕೆಂದು ತಿಪಟೂರಿಗೆ ಅಪ್ಪಣೆ ಮಾಡಿದರು. ಹಸಿರು ದೀಪ ಹತ್ತಿತು. ಎಮ್ಮೆ ಎದ್ದು ಹೋಯಿತು. ಕುರ್ಚಿ ಖಾಲಿಯಾಯಿತು. ನಾನು ಉಸ್ಸೆಂದು ಉಸಿರು ಬಿಟ್ಟೆ. ಆದರೆ ದಾಕ್ಷಾಯಿಣಿ ಪರದೆಗೆ ಮುಖ ತಾಗಿಸುವಷ್ಟು ಹತ್ತಿರ ಬಗ್ಗಿದಳು.

"ರೀ! ನನ್ ಕಾಸಿನ ಸರ ಎಲ್ಲಿ?"

ಫೋಟೋದಲ್ಲಿ ಅವಳ ಕೊರಳು ಬೋಳಾಗಿತ್ತು. ಹಾಸನ ತೆರೆದು ನೋಡಿದರೆ, ಹುಲ್ಲಿನ ಬಣವೆಯ ಮುಂದೆ ಎಮ್ಮೆ ಕಾಸಿನ ಸರ ಹಾಕಿಕೊಂಡು ನಿಂತಿತ್ತು. ಖಾಲಿ ಕೈಯಲ್ಲಿ ಕಳಿಸಬಾರದೆಂದು ತಿಪಟೂರು ತನ್ನ ಚಮಚ ಹಾಕಿ ಕಳಿಸಿತ್ತು!

ಹಾಸನವೇನು ಮರ್ಯಾದೆಯಲ್ಲಿ ಕಡಿಮೆಯೇ? ಅದೂ ಕಡೂರಿನಿಂದ ತನಗೆ ಬಂದಿದ್ದ ಒಂದು ಚಮಚ ಕಳಿಸಿತು. ಕುರ್ಚಿಯ ಮೇಲೆ ಒಬ್ಬ ಅಮಲ್ದಾರರು ಬಂದು ಕೂತರು. ಅವರನ್ನು ಕಳಿಸಿದರೆ ದಾಕ್ಷಾಯಿಣಿಯ ಮುಡಿಯ ಮಲ್ಲಿಗೆ ಹೋಯಿತು, ಓಲಗದವರು ಬಂದರು. ಓಲಗದವರನ್ನು ಕಳಿಸಿದರೆ ಸೀರೆಯ ಜರಿ ಅಂಚು ಹೋಯಿತು, ಶಾಂತವೀರ ಮೇಷ್ಟ್ರು ಬಂದು ಕಾಲ ಮೇಲೆ ಕಾಲು ಹಾಕಿ ಕೂತರು. ಅವರ ಹೆಗಲ ಮೇಲೆ ಗೆಜ್ಜೆ ಕಾಲು ಇನ್ನೂ ಇತ್ತು.

"ನನ್ ಪಕ್ಕ ಊರೋರೆಲ್ಲ ಬಂದು ಕೂತ್ಕೊಂಡ್ರಲ್ರೀ! ಕೂರ್ಬೇಕಾದೋರು ಒಬ್ರನ್ನ ಬಿಟ್ಟು!"

ಅವಳು ಕೂಗಿದ್ದಕ್ಕೆ ನನಗೆ ಹೆದರಿಕೆಯಾಗಲಿಲ್ಲ. ಹೆದರಿಕೆಯಾದದ್ದು ಪರದೆ ನೋಡಿ. ಮೇಷ್ಟ್ರನ್ನು ಕಳಿಸಿದಾಗ ಈ ಸಲ ಹೋದದ್ದು ಅವಳ ನಗು. ಸರ ಹೋದರೆ ಬೇರೆ ಸರ ಇದೆ. ಆ ನಗು, ಕರೆಂಟು ಹೋಗುವ ಮುಂಚಿನ ಒಂದು ಗಳಿಗೆಯಲ್ಲಿ, ನಾನೀಗ ಓಡಿ ಬಂದು ಪಕ್ಕದಲ್ಲಿ ಕೂರುತ್ತೇನೆ ಎಂಬ ನಂಬಿಕೆಯಲ್ಲಿ ನಕ್ಕದ್ದು. ಅದು ಬೇರೆಲ್ಲೂ ಇರಲಿಲ್ಲ. ಇನ್ನೆರಡು ಸಲ ಹೀಗೆಯೇ ಉಪಚಾರ ನಡೆದರೆ ಅಲ್ಲಿ ಅವಳೇ ಇರುವುದಿಲ್ಲ ಎಂದು ಪಂಚಣ್ಣನ ಕೈ ಹಿಡಿದು ತಡೆದೆ.

"ನಿಲ್ಸಿ ಪಂಚಣ್ಣ! ಆ ನಿಯಮ ಕಿತ್ತುಹಾಕಿ!"

"ಆಗಲ್ಲ ಕಣಯ್ಯ," ಎಂದು ಪಂಚಣ್ಣ ಬೆವರೊರೆಸಿಕೊಂಡರು. "ನಿಯಮಾನ ವಾಪಸ್ ಕೊಡಿ ಅಂದ್ರೆ, ಅದ್ರ ಜೊತೆ ಇನ್ನೊಂದು ನಿಯಮ ಹಾಕಿ ಕೊಡ್ತಿದಾವೆ!"

*

ದಾಕ್ಷಾಯಿಣಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಕೊಡಿ ಇಲ್ಲಿ ಆ ಮೈಕು. ಪಂಚಣ್ಣ, ನಿಜ ಹೇಳಿ. ಇವು ನಾಲ್ಕೂ ಇರೋದು ಒಂದೇ ಯಂತ್ರದಲ್ಲಿ ತಾನೆ?"

"ಶ್! ಮೆಲ್ಲಗೆ! ಅವಕ್ಕೆ ಗೊತ್ತಿಲ್ಲ. ಗೊತ್ತಾದ್ರೆ ವರ್ಚುವಲ್ ಅನ್ನೋದೇ ಹೋಗ್ಬಿಡುತ್ತೆ!"

"ಹೋಗ್ಲಿ," ಎಂದಳು ಅವಳು. ಮೈಕನ್ನು ಬಾಯಿಗೆ ಹಿಡಿದು, ಹಬ್ಬಕ್ಕೆ ಬಂದ ವಾರಗಿತ್ತಿಯರನ್ನು ಕೂರಿಸಿಕೊಂಡು ಬುದ್ಧಿ ಹೇಳುವ ದನಿಯಲ್ಲಿ ಶುರು ಮಾಡಿದಳು. "ನೋಡ್ರಪ್ಪ ಬಾಣಾವರ, ಕಡೂರು, ಹಾಸನ, ತಿಪಟೂರು. ನೀವು ಅಕ್ಕಪಕ್ಕದೋರಲ್ಲ. ನೀವಿರೋದು ಒಂದೇ ಮನೆ. ಒಂದೇ ಬೀರು, ಒಂದೇ ಫ್ಯಾನು, ಒಂದೇ ಕರೆಂಟು. ಈ ಯಜಮಾನರು ನಿಮ್ಗೆ ಸುಳ್ಳು ಹೇಳಿದಾರೆ. ಒಂದೇ ಮನೆಯೋರ ಮಧ್ಯೆ ಕೊಡೋದೇನು, ತಗೊಳೋದೇನು? ಅಡುಗೆಮನೆಯಿಂದ ನಡುಮನೆಗೆ ಪಾತ್ರೆ ತಂದ್ರೆ ಸಕ್ಕರೆ ಹಾಕಿ ವಾಪಸ್ ಇಡ್ತಾರಾ? ಮನೆಯೋರ್ ಮನೆಯೋರಲ್ಲಿ ಇಷ್ಟೆಲ್ಲ ಉಪಚಾರ ಮಾಡ್ಕೊಂಡ್ರೆ ನೋಡಿದೋರು ನಗ್ತಾರೆ. ಯಾರ್ ಯಾರು ಎಲ್ಲೆಲ್ಲಿದ್ರೋ ಅಲ್ಲಲ್ಲಿಗೆ ಕಳಿಸಿ, ಮನೆ ಓರಣ ಮಾಡ್ಕೊಳಿ. ಅಷ್ಟೇ."

ಹಳದಿ ದೀಪ ಹತ್ತಿತು.

"ಒಂದೇ ಮನೆಯಂತೆ," ಎಂದಿತು ಬಾಣಾವರ.

"ನನಗೆ ಮೊದಲೇ ಅನುಮಾನವಿತ್ತು. ಎಲ್ಲರ ದನಿಯೂ ಒಂದೇ ಥರ ಇದೆ," ಎಂದಿತು ಕಡೂರು.

"ಸಾರು ಒಲೆ ಮೇಲಿದೆ, ನಾನು ಹೋಗ್ತೀನಿ," ಎಂದು ದಾಕ್ಷಾಯಿಣಿ ಮೈಕು ಕೆಳಗಿಟ್ಟಳು. ಬಾಗಿಲಲ್ಲಿ ನಿಂತು ಒಮ್ಮೆ ಪರದೆಯ ಕಡೆ ನೋಡಿದಳು. ನಗು ಕಳೆದುಕೊಂಡ ಆ ಹುಡುಗಿ ಖಾಲಿ ಕುರ್ಚಿಯ ಪಕ್ಕ ಸಪ್ಪಗೆ ನಿಂತಿದ್ದಳು. ಬಾಗಿಲಲ್ಲಿ ನಿಂತವಳ ಮುಖವೂ ಹಾಗೆಯೇ ಇತ್ತು. ಬಾಗಿಲನ್ನು ಮೆಲ್ಲಗೆ ಮುಂದಕ್ಕೆಳೆದುಕೊಂಡು ಹೋದಳು. ಬೈದಿದ್ದರೆ ವಾಸಿಯಿತ್ತು.

ಮಧ್ಯಾಹ್ನವೆಲ್ಲ ಬೀರು ಗಡಗಡ ಸದ್ದು ಮಾಡುತ್ತಾ ತನ್ನನ್ನು ತಾನೇ ಗುಡಿಸಿ ಸಾರಿಸಿಕೊಂಡಿತು. ನಾವಿಬ್ಬರೂ ಉಗುರು ಕಚ್ಚುತ್ತಾ ಕೂತೆವು. ಮೇಷ್ಟ್ರ ಹೆಗಲ ಮೇಲಿನ ಕಾಲು ತೊಟ್ಟಿಲಿಗೆ ಮರಳಿತು. ಕಾಂತರಾಜು ಮತ್ತೆ ಬ್ರಹ್ಮಚಾರಿಯಾದ. ಎಮ್ಮೆ ಸರ ಬಿಚ್ಚಿಕೊಟ್ಟಿತು. ಮಲ್ಲಿಗೆ ಬಂತು, ಜರಿ ಬಂತು. ಕೊನೆಗೆ, ಪರದೆಯ ಮೇಲೆ ಮೆಲ್ಲಗೆ, ನಗು ಬಂತು. ನನ್ನ ಕಣ್ಣಲ್ಲಿ ನೀರೂ ಬಂತು. ಪಂಚಣ್ಣ ನೋಡಿಯೂ ನೋಡದವರಂತೆ ಫ್ಯಾನು ಸರಿಪಡಿಸಿದರು.

ಕುರ್ಚಿ ಮೊದಲಿನ ಹಾಗೆ ಖಾಲಿಯಾಗಿತ್ತು. ಸದ್ಯ ಎಂದುಕೊಂಡು ನಾನು ಎದ್ದೆ. ಆಗ ಬೀರುವಿನ ತಲೆಯ ಮೇಲೆ ಕೆಂಪು, ಹಳದಿ, ಹಸಿರು ಮೂರೂ ದೀಪ ಒಟ್ಟಿಗೆ ಹತ್ತಿದವು. ನಾಲ್ಕು ದನಿಗಳು ಒಂದೇ ದನಿಯಾಗಿ ಮಾತಾಡಿದವು.

"ದಯವಿಟ್ಟು ಗಮನಿಸಿ! ಎಲ್ಲರೂ ಅವರವರ ಜಾಗ ತಲುಪಿದ್ದಾರೆ. ಒಬ್ಬರು ಮಾತ್ರ ಬಹಳ ವರ್ಷಗಳಿಂದ ಎಲ್ಲರ ಫೋಟೋಗಳಲ್ಲೂ, ಮೂಲೆಯಲ್ಲಿ, ನಿಂತೇ ಇದ್ದಾರೆ. ಅವರನ್ನು ತಮ್ಮವರೆಂದು ಯಾರೂ ಕೇಳುತ್ತಿಲ್ಲ. ಮನೆಯಲ್ಲಿ ಕುರ್ಚಿ ಖಾಲಿಯಿರುವಾಗ ಒಬ್ಬರನ್ನು ನಿಲ್ಲಿಸುವುದು ಸರಿಯಲ್ಲ. ಅವರಿಗೆ ತಿಪಟೂರಿನಲ್ಲಿ ಸೀಟು ಕೊಡಲಾಗಿದೆ."

*

ದಾಕ್ಷಾಯಿಣಿ ಪಡಸಾಲೆಯಲ್ಲಿ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ಪಂಚಣ್ಣ ಅವಳ ಮುಂದೆ ಆ ಉದ್ದನೆಯ ಸ್ಟೀಲ್ ಡಬ್ಬಿ ಇಟ್ಟರು.

"ತಗೊಳಿ ದಾಕ್ಷಾಯಿಣಮ್ಮ, ನಿಮ್ ಡಬ್ಬಿ. ಖಾಲಿ ಕೊಟ್ಟಿಲ್ಲ ಈ ಸಲ."

ಅವಳು ಅನುಮಾನದಿಂದಲೇ ಮುಚ್ಚಳ ತೆಗೆದಳು. ಒಳಗೆ ಸುರುಳಿ ಸುತ್ತಿದ ಫೋಟೋ ಇತ್ತು. ಕೈಯನ್ನು ಸೆರಗಿಗೆ ಒರೆಸಿಕೊಂಡು ಬಿಡಿಸಿದಳು.

ಕಾಸಿನ ಸರ, ಮಲ್ಲಿಗೆ, ಜರಿ, ನಗು, ಎಲ್ಲ ಇದ್ದ ಜಾಗದಲ್ಲೇ ಇದ್ದವು. ಪಕ್ಕದ ಕುರ್ಚಿಯ ಮೇಲೆ ನಾನಿದ್ದೆ. ಕನ್ನಡಿಯಿಂದ ಇಳಿದು ಬಂದವನಾದ್ದರಿಂದ ಅಂಗಿಯ ಜೇಬು ಬಲಗಡೆಯಿತ್ತು, ಗಡಿಯಾರವೂ ಬಲಗೈಯಲ್ಲಿತ್ತು. ತಲೆತುಂಬಾ ಕಪ್ಪು ಕೂದಲು. ಒಂದು ಬೆರಳು ಮೇಲೆತ್ತಿ ಊರಿಗೆಲ್ಲ ಬುದ್ಧಿ ಹೇಳುವವನಂತೆ ಕೂತಿದ್ದೆ.

ಅವಳು ಬಹಳ ಹೊತ್ತು ನೋಡಿದಳು. ಫೋಟೋದ ಮೇಲೆ ಒಂದು ಹನಿ ಬಿತ್ತು. ಸೆರಗಿನ ತುದಿಯಿಂದ ಅದನ್ನು ಮೆಲ್ಲಗೆ ಒತ್ತಿ ತೆಗೆದಳು. ಚೆನ್ನಾಗಿ ಬಂದಿದೆಯಾ ಎಂದು ನಾನು ಕೇಳಿದೆ.

"ಅಲ್ರೀ," ಎಂದಳು ದಾಕ್ಷಾಯಿಣಿ. "ಇಷ್ಟು ವರ್ಷಕ್ಕೆ ನನ್ ಜೊತೆ ಒಂದೇ ಒಂದು ಫೋಟೋ. ಅದ್ರಲ್ಲೂ ಒಂದು ಕಣ್ಣು ಮುಚ್ಕೊಂಡಿದೀರಲ್ರೀ!"